ಹುಗಿಯದೆ ಉಳಿದ ಗೋವಿನಜೋಳ

೨೦೧೧ರ ಆಗಸ್ಟ್ ೯, ಮಂಗಳವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಯಮನೂರ ಎಂಬ ಗಾರೆ ಕೆಲಸದ ಗೌಂಡಿ ಗೋವಾದ ವಾಸ್ಕೋ ಬಳಿಯ ಠಾಣೆಗೆ ಬಂದು, ತನ್ನ ಅಪ್ಪನಿಗೆ ಯಾರೋ ವಿಷ ಹಾಕಿದ್ದಾರೆ ಎಂದ. ಕನ್ನಡದಲ್ಲಿ ಎಂದ. ಅಷ್ಟು ಸಾಕಾಯಿತು, ಠಾಣೆಯಲ್ಲಿದ್ದವರೆಲ್ಲ ಹೆಡ್ ಕಾನ್ಸ್‌ಟೇಬಲ್ ಭೀಮಶಿಯ ಮೇಜಿನ ಕಡೆ ತಿರುಗಿದರು.

ಭೀಮಶಿಗೆ ಇದೇನು ಹೊಸದಲ್ಲ. ಅವನ ಅಪ್ಪ ಬಾದಾಮಿ ಕಡೆಯಿಂದ ವಾಸ್ಕೋ ಬಂದರಿಗೆ ಹಮಾಲಿಗೆಂದು ಬಂದವನು. ಮಗ ಇಲ್ಲೇ ಶಾಲೆ ಓದಿ, ಕೊಂಕಣಿ ಕಲಿತು, ಗೋವಾ ಪೊಲೀಸ್ ಸೇರಿದ. ಕನ್ನಡದ ಕೂಲಿಗಳ ಕಾಲೊನಿಯವರ ಕಣ್ಣಿಗೆ ಅವನು ಪೊಲೀಸ್. ಪೊಲೀಸರ ಕಣ್ಣಿಗೆ ಘಟ್ಟದ ಮೇಲಿನ ಘಾಟಿ. ಕಳ್ಳತನವಿರಲಿ, ಜಗಳವಿರಲಿ, ಹೆಣವಿರಲಿ, ಕನ್ನಡದ ಬಾಯಿಂದ ಬಂದದ್ದೆಲ್ಲ ಅವನ ತಲೆಗೇ ಕಟ್ಟಿದ್ದು. ಮಳೆಗಾಲಕ್ಕೆ ಮೊಣಕಾಲು ಬೇರೆ ನೋಯುತ್ತಿತ್ತು. ಅವನು ಪೆನ್ನು ತೆಗೆದ.

"ತೀರಿಕೊಂಡಾಂವ ಯಾರು?"

"ನಮ್ಮಪ್ಪ ರೀ, ದೇವಲಪ್ಪ. ನಿನ್ನೆ, ಬಾಂಬೋಳಿ ಆಸ್ಪತ್ರ್ಯಾಗ."

"ಏನಾಗಿತ್ತು?"

"ಕಣ್ಣು ಹಳದಿ ಆಗಿದ್ವು. ಹೊಟ್ಟಿ ಉಬ್ಬಿತ್ತು. ಕಾಮಣಿ ಅಂದ್ಕೊಂಡು ಗಿಡಮೂಲಿಕಿ ಕುಡಿಸಿದ್ವಿ. ಡಾಕ್ಟರ ನೋಡಿದ್ರೆ, ಕಾಮಣಿ ಅಲ್ಲ, ಲಿವರಿಗೆ ವಿಷ ಏರೇತಿ ಅಂದ್ರು."

"ಯಾರ ಮ್ಯಾಲಾದ್ರೂ ಸಂಶಯ?"

"ಯಾರ ಮ್ಯಾಲೂ ಇಲ್ರಿ. ಬಾಯಾಗ ಹಲ್ಲಿಲ್ಲದ ಮುದುಕನ ಮ್ಯಾಲೆ ಯಾರಿಗೆ ಹಗಿ ಇರ್ತೈತ್ರಿ?"

ಮೊದಲಿಗೆ ಅಸಹಜ ಸಾವು ಎಂದು ಪ್ರಕರಣ ದಾಖಲಾಯಿತು. ಇನ್‌ಸ್ಪೆಕ್ಟರ್ ಗಾಂವಕರರ ಮೇಜಿನ ಮೇಲೆ ಆಗಲೇ ಎರಡು ಅಪಘಾತ, ಒಂದು ದರೋಡೆ ಕೂತಿದ್ದವು. ಅವರು ಕಾಗದ ಓದಿ ಹಣೆ ತಿಕ್ಕಿಕೊಂಡರು.

"ನಿಮ್ಮ ಕಡೆಯವರು. ನೀನೇ ಒಮ್ಮೆ ಹೋಗಿ ಬಾ ಭೀಮಶಿ," ಎಂದರು ಕೊಂಕಣಿಯಲ್ಲಿ. "ನನ್ನ ಮುಂದೆ ಅವರು ಬಾಯಿ ಬಿಡುವುದಿಲ್ಲ."

ತನ್ನ ಮುಂದಾದರೂ ಬಿಡುತ್ತಾರೆಯೇ ಎಂದು ಭೀಮಶಿ ಕೇಳಲಿಲ್ಲ. ರೇನ್‌ಕೋಟು ಹಾಕಿಕೊಂಡು ಹೊರಟ.

ಸಾಂಕೋಲೆಯ ಕಾರ್ಖಾನೆಗಳ ಹಿಂದಿನ ಇಳಿಜಾರಿನಲ್ಲಿತ್ತು ಕಾಲೊನಿ. ದಾಬೋಲಿಮ್ ಕಡೆಯ ಕಟ್ಟಡ ಕೆಲಸವೆಲ್ಲ ಮಳೆಗೆ ನಿಂತು ಎರಡು ತಿಂಗಳಾಗಿತ್ತು. ಗಂಡಸರು ತಾಡಪಾಲಿನ ಕೆಳಗೆ ಸುಮ್ಮನೆ ಕೂತಿದ್ದರು, ಇಸ್ಪೀಟು ಆಡುವ ಉಮೇದೂ ಉಳಿದಿರಲಿಲ್ಲ. ಯಮನೂರನಿದ್ದ ಕೆಳಗಿನ ಓಣಿಯಲ್ಲಿ ಮನೆಮನೆಗೂ ಒಬ್ಬರು ಗೋಡೆಗೆ ಒರಗಿಕೊಂಡಿದ್ದರು. ಕಣ್ಣು ಹಳದಿ, ಕಾಲು ಬಾತಿತ್ತು. ಭೀಮಶಿ ಒಂದೊಂದೇ ಮನೆ ಎಣಿಸುತ್ತ ನಡೆದ. ಇದು ಒಬ್ಬ ಮುದುಕನ ಸಾವಲ್ಲ.

ನೀರಿನಿಂದ ಇರಬಹುದೆಂದು ಮೊದಲು ನಳ ನೋಡಿದ. ಎರಡು ಓಣಿಗೂ ಒಂದೇ ನಳ. ಮೇಲಿನ ಓಣಿಯಲ್ಲಿ ಒಬ್ಬರಿಗೂ ನೆಗಡಿ ಬಿಟ್ಟರೆ ಬೇರೇನಿಲ್ಲ. ಹಾಗಾದರೆ ನೀರಲ್ಲ. ಆಮೇಲೆ ಅವನಿಗೆ ಇನ್ನೊಂದು ಹೊಳೆಯಿತು. ಅಷ್ಟು ಹೊತ್ತಾದರೂ ಕೆಳಗಿನ ಓಣಿಯಲ್ಲಿ ಅವನನ್ನು ಕಂಡು ಒಂದು ನಾಯಿಯೂ ಬೊಗಳಿರಲಿಲ್ಲ.

"ನಾಯಿ ಎಲ್ಲಿ ಹೋದ್ವು?" ಎಂದು ಬಾಗಿಲಲ್ಲಿ ಕೂತಿದ್ದ ಹುಸೇನಬಿಯನ್ನು ಕೇಳಿದ. ಅವಳು ಬೀಚಿನಲ್ಲಿ ಮಣಿಸರ ಮಾರುವವಳು. ಮಳೆಗಾಲಕ್ಕೆ ಅವಳ ದಂಧೆಯೂ ಬಂದ್.

"ಸತ್ವು ರೀ. ಮನಿಶ್ಯಾರಿಗಿಂತ ಮದ್ಲ ಅವಽ ಸತ್ವು."

"ಅವಕ್ಕ ಏನ ಹಾಕ್ತಿದ್ರಿ?"

"ಉಳಿದ ರೊಟ್ಟಿ ತುಣುಕ ಹಾಕ್ತಿದ್ವಿ," ಎಂದವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು.

ಒಳಗೆ ಬುಟ್ಟಿಯಲ್ಲಿ ರೊಟ್ಟಿಗಳಿದ್ದವು. ಹಳದಿ ರೊಟ್ಟಿ, ಗೋವಿನಜೋಳದ್ದು, ಅಂದರೆ ಮೆಕ್ಕೆಜೋಳದ್ದು. ಗೋವಾದ ರೇಷನ್ ಅಂಗಡಿಯಲ್ಲಿ ಗೋವಿನಜೋಳ ಸಿಗುವುದಿಲ್ಲ, ಇಲ್ಲಿನ ಕಿರಾಣಿಯವರೂ ಇಡುವುದಿಲ್ಲ. ಊರಿಂದ ತಂದದ್ದಾದರೆ ಹಾಗಂತ ಹೇಳಬಹುದಿತ್ತು.

"ಹಿಟ್ಟು ಯಾರು ಕೊಟ್ರು?"

"ಗೊತ್ತಿಲ್ರಿ."

"ನಿನ್ನ ಬುಟ್ಟ್ಯಾಗ ಇರೋದು ನಿನಗ ಗೊತ್ತಿಲ್ಲ?"

"ಸಾಹೇಬ್ರ, ತಿಂಗಳಾತು, ಒಲಿ ಹಚ್ಚಾಕ ಏನೂ ಇರ್ಲಿಲ್ಲ. ಒಬ್ಬಾಂವ ಬಂದು ಹಿಟ್ಟು ಸುರುವಿ ಹೋದ, ಕೈ ಒಡ್ಡಿ ಏನೂ ಕೇಳ್ಲಿಲ್ಲ. ಅಂಥಾವ್ನ ಹೆಸರ ನನ್ನ ಬಾಯಿಂದ ಬರಂಗಿಲ್ಲ. ಬೇಕಾದ್ರ ನನ್ನಽ ಎಳಕೊಂಡು ನಡೀರಿ."

ಎಲ್ಲ ಮನೆಯಲ್ಲೂ ಅದೇ ಪಾಠ. ಬೈದ, ಹೆದರಿಸಿದ, ಕೈ ಮುಗಿದ. ಯಾರೂ ಜಪ್ಪಯ್ಯ ಅನ್ನಲಿಲ್ಲ. ಪಂಚರನ್ನು ಕರೆಸಿ, ಸಿಕ್ಕ ರೊಟ್ಟಿ ಮತ್ತು ಹಿಟ್ಟಿನ ಪಂಚನಾಮೆ ಬರೆದು, ಡಬ್ಬಿಗೆ ಸೀಲು ಹಾಕಿಸಿ ಹೊರಡುವಷ್ಟರಲ್ಲಿ ಅವನ ದನಿ ಕೂತುಹೋಗಿತ್ತು.

ಮರುದಿನ, ಕಳಿಸಿದ್ದ ಹಿಟ್ಟನ್ನು ನೋಡಿದ ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ವಿಷಯ ಹೇಳಿದರು. ಕಾಳಿಗೆ ಬೂಷ್ಟು ಹಿಡಿದಾಗ ಆ ಬೂಷ್ಟು ಒಂದು ವಿಷ ಬಿಡುತ್ತದೆ. ಅಫ್ಲಾಟಾಕ್ಸಿನ್ ಅಂತ ಅದರ ಹೆಸರು. ತೊಳೆದರೂ ಹೋಗದು, ಬೇಯಿಸಿದರೂ ಹೋಗದು. ದಿನಾ ತಿಂದರೆ ಲಿವರ್ ಸುಟ್ಟುಹೋಗುತ್ತದೆ. "ಇನ್ನೂ ಹೊಸಬರು ಬರುತ್ತಿದ್ದಾರೆ ಸಾಹೇಬರೇ. ಇವತ್ತು ಸಾಂಖಳಿಯಿಂದ ಒಬ್ಬ ಬಂದ. ನಿಮ್ಮ ಓಣಿಯ ಹಿಟ್ಟೇ. ಅದು ಎಲ್ಲೆಲ್ಲಿ ಹೋಗಿದೆಯೋ ಹುಡುಕಿ, ಬೇಗ ಹುಡುಕಿ."

ಸಾಂಖಳಿಯ ಆ ಗಣಿ ಕೂಲಿಯನ್ನು ಕೇಳಿದರೆ ಅವನೂ ಗೋಡೆ ಕಡೆ ಮುಖ ತಿರುಗಿಸಿದ.

ಕೊಟ್ಟವನ ಹೆಸರನ್ನು ತಿಂದವರು ಹೇಳದಿದ್ದರೆ ಬೀಸಿದವನು ಹೇಳಬೇಕು. ಕಾಲೊನಿಗೆ ಇರುವುದು ಒಂದೇ ಹಿಟ್ಟಿನ ಗಿರಣಿ. ಅದರ ಮಾಲೀಕ ರಾಜಸ್ಥಾನಿ, ಅವನಿಗೆ ಈ ಓಣಿಯ ಹಂಗಿರಲಿಲ್ಲ.

"ಮಕ್ಕಾ? ಬಹಳ ಬೀಸಿದ್ದೇನೆ. ಹೊಳೆಪ್ಪ ತರುತ್ತಿದ್ದ. ಪಶು ಆಹಾರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನಲ್ಲ, ಅವನು," ಎಂದ ಹಿಂದಿಯಲ್ಲಿ.

ಆಗಸ್ಟ್ ೧೨ರಂದು ಎಫ್‌ಐಆರ್ ಆಯಿತು: ನಿರ್ಲಕ್ಷ್ಯದಿಂದ ಸಾವು, ವಿಷವಸ್ತುವಿನ ಬಗ್ಗೆ ಅಜಾಗರೂಕತೆ, ಕೆಲಸದ ಜಾಗದಲ್ಲಿ ಕಳವು. ಅದೇ ಮಧ್ಯಾಹ್ನ ಗಾಂವಕರ ಮತ್ತು ಭೀಮಶಿ ಕಾರ್ಖಾನೆಗೆ ಹೋದರು. ಕೋಳಿ ದನಗಳ ಮೇವು ತಯಾರಿಸುವ ಆ ಜಾಗಕ್ಕೆ ಹೊಂದಿಕೊಂಡು ಒಂದು ಸಣ್ಣ ಪ್ರಯೋಗಶಾಲೆ. ಅದನ್ನು ನೋಡಿಕೊಳ್ಳುವವರು ಡಾ. ಶಾಂಭವಿ ಕೇಂಕ್ರೆ. ಮಡಗಾಂವಿನವರು, ನಲವತ್ತರ ಆಸುಪಾಸು, ನಿದ್ದೆಗೆಟ್ಟ ಮುಖ.

ಬೂಷ್ಟಿನ ವಿಷವನ್ನು ಮುರಿಯುವ ಒಂದು ಕಿಣ್ವದ ಮೇಲೆ ಅವರ ಪ್ರಯೋಗ. ಮಣ್ಣಿನ ಒಂದು ಸೂಕ್ಷ್ಮಜೀವಿಗೆ ಆ ವಿಷವನ್ನು ಅರಗಿಸಿಕೊಳ್ಳುವ ಗುಣವಿದೆ. ಆ ಗುಣದ ಜೀನನ್ನು ತೆಗೆದು, ಇನ್ನಷ್ಟು ಚುರುಕಾಗುವಂತೆ ತಿದ್ದಿ, ಯೀಸ್ಟಿನೊಳಗೆ ಸೇರಿಸಿ, ಯೀಸ್ಟಿನಿಂದ ಕಿಣ್ವ ಮಾಡಿಸಿ ಒಣಗಿಸಿದರೆ ಕೆನೆಬಣ್ಣದ ಪುಡಿ ಸಿಗುತ್ತದೆ. ಕೆಟ್ಟ ಮೇವಿಗೆ ಅದನ್ನು ಕಲಸಿ ಒದ್ದೆ ಮಾಡಿಟ್ಟರೆ ವಿಷದ ಕಣ ತುಂಡಾಗುತ್ತದೆ, ಹಾಲಿಗೂ ಮೊಟ್ಟೆಗೂ ವಿಷ ಇಳಿಯುವುದಿಲ್ಲ.

"ಅದಕ್ಕಾಗಿ ತೀರಾ ಕೆಟ್ಟ ಗೋವಿನಜೋಳ ತರಿಸಿದ್ದೆವು," ಎಂದರು ಕೇಂಕ್ರೆ. "ಪ್ರಯೋಗಕ್ಕೆ ಬೇಕಾದ್ದು ಸ್ವಲ್ಪ. ಮಿಕ್ಕಿದ್ದನ್ನು ಸುಣ್ಣ ಹಾಕಿ ಹಿತ್ತಲಲ್ಲಿ ಹುಗಿಸಿದೆವು."

"ಹುಗಿದವರು ಯಾರು?"

"ಹೊಳೆಪ್ಪ. ಈ ವಾರ ಅವನು ಕೆಲಸಕ್ಕೆ ಬಂದಿಲ್ಲ."

ಮಾರನೇ ದಿನ ಬೆಳಿಗ್ಗೆ ಪಂಚರ ಎದುರು ಗುಂಡಿ ಅಗೆಸಿದರು. ಮೇಲಿನ ಸಾಲಿನ ಚೀಲಗಳಲ್ಲಿ ಗೋವಿನಜೋಳವಿತ್ತು. ಅದರ ಕೆಳಗಿನವುಗಳಲ್ಲೆಲ್ಲ ಕೆಂಪು ಮಣ್ಣು. ದಾಸ್ತಾನು ಕೋಣೆಯಲ್ಲಿ ಪುಡಿಯ ಒಂದು ಡಬ್ಬವೂ ಇರಲಿಲ್ಲ. ಭೀಮಶಿ ಮಳೆಯಲ್ಲಿ ನಿಂತು ಪಂಚನಾಮೆ ಬರೆದ. ಇನ್ನೇನು, ಕಳ್ಳ ಸಿಕ್ಕ ಹಾಗೇ. ಆದರೆ ಮಧ್ಯಾಹ್ನದ ಹೊತ್ತಿಗೆ ಕೇಂಕ್ರೆಯವರೇ ಠಾಣೆಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು.

"ನಿನ್ನೆ ನೀವು ಕೊಟ್ಟ ಹಿಟ್ಟು, ರೊಟ್ಟಿ ಎರಡನ್ನೂ ಪರೀಕ್ಷಿಸಿದೆ. ಹಿಟ್ಟಿನಲ್ಲಿ ವಿಷ ಇದೆ. ನಮ್ಮ ಪುಡಿಯೂ ಇದೆ. ಎಷ್ಟು ಬೇಕೋ ಅಷ್ಟೇ, ಹದವಾಗಿ ಕಲಸಿದ್ದಾನೆ. ಒದ್ದೆ ಮಾಡಿದೊಡನೆ ವಿಷ ಇಳಿಯಬೇಕಿತ್ತು. ಆದರೆ ರೊಟ್ಟಿಯಲ್ಲಿ ವಿಷ ಹಾಗೇ ಕೂತಿದೆ. ಯಾಕೆ ಅಂತ ನನಗೆ ತಿಳಿಯುತ್ತಿಲ್ಲ."

ಗಾಂವಕರ ಭೀಮಶಿಯ ಮುಖ ನೋಡಿದರು. ವಿಷ ಹಾಕಿ ಕೊಲ್ಲುವವನು ಅದರ ಜೊತೆಗೆ ಮದ್ದನ್ನೂ ಯಾಕೆ ಕಲಸುತ್ತಾನೆ?

ಹೊಳೆಪ್ಪ ತಪ್ಪಿಸಿಕೊಂಡಿರಲಿಲ್ಲ. ಬಾಂಬೋಳಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದ. ಮಂಚದ ಮೇಲೆ ಅವನ ಆರು ವರ್ಷದ ಮಗಳು ಅಂಬಿಕಾ, ಅರಿಶಿನ ಹಚ್ಚಿದಂಥ ಮುಖ, ಮೂಗಿಗೆ ನಳಿಗೆ. ಅವನ ಹೆಂಡತಿ ಭಾಗವ್ವ ಬಟ್ಟೆ ತರಲು ಮನೆಗೆ ಹೋಗಿದ್ದಳು. ಹೊಳೆಪ್ಪನ ಕಣ್ಣೂ ಹಳದಿಯಾಗಿದ್ದವು.

"ಓಣಿಗೆ ಹಿಟ್ಟು ಕೊಟ್ಟಾಂವ ನೀನಽ?" ಎಂದು ಭೀಮಶಿ ಕೇಳಿದ.

"ಹೌದ್ರಿ."

"ಅದು ವಿಷದ ಕಾಳು ಅಂತ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ. ವಿಷ ತಗದು ಕೊಟ್ಟೇನ್ರಿ."

"ಹೆಂಗ?"

"ಕೇಂಕ್ರೆ ಬಾಯಾರು ಈ ಕಾಳು ಬಾತುಕೋಳಿ ಮರಿಗೆ ಹಾಕಿ ನೋಡಿದ್ರು ರೀ. ಪುಡಿ ಇಲ್ಲದ್ದು ತಿಂದ ಮರಿ ಗೋಣು ಚೆಲ್ಲಿ ಸತ್ವು. ಪುಡಿ ಕಲಸಿದ್ದು ತಿಂದವು ಓಡ್ಯಾಡಿದ್ವು. ಸತ್ತಾವ್ನ ಹೊರಗ ಹಾಕಿದಾಂವ ನಾ, ಬದುಕಿದ್ದಕ್ಕ ನೀರಿಟ್ಟಾಂವ ನಾ. ಇದು ಬ್ಯಾರೆ ಏನೋ ರೋಗ ರೀ ಸಾಹೇಬ್ರ. ನನ್ನ ಹಿಟ್ಟಿಂದಲ್ಲ. ನನ್ನ ಕೂಸಿಗೆ ನಾನಽ ತಿನಿಸೇನಿ. ವಿಷ ಅಂದ್ರ ತಿನಸ್ತಿದ್ನೇನ್ರಿ?"

"ಕದ್ದದ್ದು ಯಾಕ?"

ಹೊಳೆಪ್ಪ ತನ್ನ ಅಂಗೈ ನೋಡಿಕೊಂಡ.

"ಹುಗಿ ಅಂದ್ರು. ಗುಂಡಿ ತೋಡಿದೆ. ಚೀಲ ಬಿಚ್ಚಿದ್ರ ಕಾಳು ಸುರೀತು. ಮಣ್ಣಿಗೆ ಕಾಳು ಹಾಕೋದು ಬಿತ್ತಾಕ ರೀ, ಹುಗ್ಯಾಕಲ್ಲ. ನಮ್ಮ ಓಣ್ಯಾಗ ಮಂದಿ ಚಾ ಕುಡದು ಮಲಗಾಕತ್ತಿದ್ರು. ವಿಷ ತಗಿಯೋ ಪುಡಿ ಆ ಕ್ವಾಣ್ಯಾಗಽ ಐತಿ, ಕಾಳು ಈ ಗುಂಡ್ಯಾಗ ಐತಿ. ನನಗ ತಡಕೊಳ್ಳಾಕ ಆಗ್ಲಿಲ್ರಿ."

"ಯಾರ್ ಯಾರಿಗೆ ಕೊಟ್ಟಿ? ಸಾಂಖಳಿಗೆ ಯಾರು ಒಯ್ದ್ರು?"

"ಅದನ್ನ ಹೇಳಂಗಿಲ್ರಿ. ಹಸದಾರಂತ ಹಿಟ್ಟು ಕೊಟ್ಟು, ಆಮ್ಯಾಲ ಅವರ ಮನಿಗೆ ಪೊಲೀಸರ್ನ ಕಳಸ್ಲೇನು? ನನ್ನ ಒಯ್ಯರಿ. ಅವರು ಉಣ್ಲಿ."

ಅವರು ಉಣ್ಣುತ್ತಲೇ ಇದ್ದರು, ಅದೇ ಸಂಕಟ. ಎಲ್ಲೋ ಸಾಂಖಳಿಯಲ್ಲಿ, ಎಲ್ಲೋ ದಾಬೋಲಿಮ್‌ನ ಶೆಡ್ಡುಗಳಲ್ಲಿ, ಈ ಹೊತ್ತಿಗೆ ಯಾವಳೋ ಒಬ್ಬಳು ಆ ಹಿಟ್ಟು ತಟ್ಟುತ್ತಿರುತ್ತಾಳೆ. ಇವನೋ, ಪುಡಿಯನ್ನು ದೇವರೆಂದು ನಂಬಿ ಕೂತಿದ್ದಾನೆ. ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು ಭೀಮಶಿಗೆ. ಮಂಚದ ಮೇಲಿನ ಮಗುವನ್ನು ನೋಡಿ ಕೈ ಮೇಲೇಳಲಿಲ್ಲ. ಪುಡಿ ಯಾಕೆ ಕೆಲಸ ಮಾಡಲಿಲ್ಲ ಎಂದು ತೋರಿಸಿಕೊಡುವ ತನಕ ಈ ಮನುಷ್ಯ ಒಂದು ಹೆಸರನ್ನೂ ಹೇಳುವುದಿಲ್ಲ.

"ಅವರು ಹಿಟ್ಟನ್ನು ಹೇಗೆ ಬಳಸುತ್ತಾರೆ, ನಾನು ನೋಡಬೇಕು," ಎಂದರು ಠಾಣೆಯಲ್ಲಿ ಕಾದಿದ್ದ ಕೇಂಕ್ರೆ. ಜೀಪಿನಲ್ಲಿ ಅವರನ್ನು ಕರೆದುಕೊಂಡು ಭೀಮಶಿ ಕಾಲೊನಿಗೆ ಬಂದ. ಭಾಗವ್ವ ಆಸ್ಪತ್ರೆಗೆ ಒಯ್ಯಲು ಬಟ್ಟೆ ಗಂಟು ಕಟ್ಟುತ್ತಿದ್ದಳು. ಪೊಲೀಸರನ್ನು ಕಂಡು ಅವಳ ಕೈ ನಿಂತಿತು.

"ಹೆದರಬ್ಯಾಡವ್ವಾ. ರೊಟ್ಟಿ ಹೆಂಗ ಮಾಡಿದಿ, ಈ ಬಾಯಾರಿಗೆ ಒಮ್ಮಿ ತೋರಸು."

"ಈಗ ಏನ ರೊಟ್ಟಿ ಮಾಡಸ್ತೀರಿ ಅಣ್ಣಾರ?"

"ಕೂಸಿನ ಸಲುವಾಗಿ."

ಆ ಒಂದು ಮಾತಿಗೆ ಅವಳು ಗಂಟು ಕೆಳಗಿಟ್ಟಳು. ಕೇಂಕ್ರೆ ತಂದಿದ್ದ ಒಳ್ಳೆಯ ಹಿಟ್ಟನ್ನು ಪರಾತಕ್ಕೆ ಸುರಿದು, ನಡುವೆ ಕುಳಿ ಮಾಡಿ, ಒಲೆ ಹಚ್ಚಿ ಪಾತ್ರೆಯಲ್ಲಿ ನೀರಿಟ್ಟಳು. ಮಾತಾಡುತ್ತಲೇ ಮಾಡಿದಳು. ಈ ಹಿಟ್ಟಿಗೆ ಪುಡಿ ಕಲಸೇನಿ, ನಾದಿ ಒಂದು ತಾಸು ಇಟ್ಟು ಆಮ್ಯಾಲೆ ಬಡೀರಿ ಅಂತ ಗಂಡ ಹೇಳಿದ್ದ. ಅವಳೂ ಹಾಗೇ ಇಟ್ಟಿದ್ದಳು, ಓಣಿಯವರಿಗೂ ಅವಳೇ ಹೇಳಿಕೊಟ್ಟಿದ್ದಳು. ಒಬ್ಬರೂ ತಪ್ಪಿಸಿಲ್ಲ. ನೀರು ಕೊತಕೊತ ಕುದಿಯಿತು. ಪಾತ್ರೆ ಇಳಿಸಿ ಆ ನೀರನ್ನು ಹಿಟ್ಟಿನ ಕುಳಿಗೆ ಹೊಯ್ದು, ಸೌಟಿನಿಂದ ತಿರುವಿದಳು. ಹಬೆ ಎದ್ದಿತು.

"ಕುದಿಯುವ ನೀರು ಯಾಕೆ?" ಎಂದು ಕೇಂಕ್ರೆ ಕೇಳಿದರು. ಭೀಮಶಿ ಕನ್ನಡದಲ್ಲಿ ಹೇಳಿದ.

"ಎಸರು ರೀ," ಎಂದಳು ಭಾಗವ್ವ. "ರೊಟ್ಟಿಗೆ ತಣ್ಣೀರ ಯಾರ ಹಾಕ್ತಾರ? ಎಸರು ಹಾಕ್ಲಿಲ್ಲಂದ್ರ ಹಿಟ್ಟಿಗೆ ಜಿಗಿ ಬರಂಗಿಲ್ಲ, ರೊಟ್ಟಿ ಹರೀತೈತಿ."

ಕೇಂಕ್ರೆ ಹಬೆಯನ್ನೇ ನೋಡುತ್ತ ನಿಂತರು. ಆಮೇಲೆ ಹೊರಗೆ ಹೋಗಿ ಜೀಪಿಗೆ ಆನಿಕೊಂಡರು. ಭೀಮಶಿ ಹಿಂದೆಯೇ ಹೋದ.

"ಆ ಪುಡಿ ಜೀವಿಯಿಂದ ಬಂದ ವಸ್ತು ಭೀಮಶಿ. ಬೇಯಿಸಿದ ಮೊಟ್ಟೆಯಿಂದ ಮರಿ ಬರುತ್ತದೆಯೇ? ಕುದಿನೀರು ಬಿದ್ದ ಕ್ಷಣ ಅದು ಸತ್ತಿದೆ. ವಿಷಕ್ಕೆ ಮಾತ್ರ ಕುದಿನೀರು ಏನೂ ಮಾಡುವುದಿಲ್ಲ. ಯಂತ್ರದಿಂದ ಬಿಸಿ ಮೇವು ಬಂದರೆ ಆರಿದ ಮೇಲೇ ಪುಡಿ ಹಾಕಬೇಕೆಂದು ಹೊಳೆಪ್ಪನಿಗೆ ಗೊತ್ತು, ಅವನೇ ಹಾಕುತ್ತಿದ್ದ. ಒಮ್ಮೆ ನನ್ನನ್ನು ಕೇಳಿದ್ದ, ಒದ್ದೆ ಮಾಡಿ ಎಷ್ಟು ಹೊತ್ತು ಇಡಬೇಕು ಅಂತ. ಒಂದು ತಾಸು ಎಂದೆ. ಬಾತುಕೋಳಿಗೆ ಕೇಳುತ್ತಿದ್ದಾನೆ ಅಂದುಕೊಂಡೆ."

ಹೊಳೆಪ್ಪ ಎಲ್ಲವನ್ನೂ ಸರಿಯಾಗಿ ಮಾಡಿದ್ದ. ಆದರೆ ಹುಟ್ಟಿದಾಗಿನಿಂದ ರೊಟ್ಟಿ ತಿಂದವನು ಒಂದು ದಿನವೂ ಒಲೆಯ ಮುಂದೆ ಕೂತು ನೋಡಿರಲಿಲ್ಲ. ಭೀಮಶಿಯೂ ನೋಡಿರಲಿಲ್ಲ. ಅವರಲ್ಲಿ ಯಾವ ಗಂಡಸು ನೋಡಿದ್ದಾನೆ? ರೊಟ್ಟಿ ತಾಟಿಗೆ ಬಂದು ಬೀಳುತ್ತದೆ, ಅಷ್ಟೆ. ತಿರುಗಿ ನೋಡಿದರೆ ಭಾಗವ್ವ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅವಳಿಗೆ ಕೊಂಕಣಿ ಅಷ್ಟಾಗಿ ಬಾರದು ಎಂದು ಭೀಮಶಿ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಸ್ಪತ್ರೆಗೆ ಅವಳನ್ನೂ ಜೀಪಿನಲ್ಲೇ ಕರೆತಂದರು. ಅವಳನ್ನು ಮಗಳ ಹತ್ತಿರ ಬಿಟ್ಟು, ಹೊಳೆಪ್ಪನನ್ನು ಭೀಮಶಿ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ಎಸರಿನ ವಿಷಯ ಹೇಳಿದ. ಸುತ್ತುಬಳಸಲಿಲ್ಲ, ಅಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಹೊಳೆಪ್ಪ ಮೊದಲು ಅರ್ಥವಾಗದವನಂತೆ ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಿಂದ ತಲೆಗೆ ಬಡಿದುಕೊಂಡ.

"ಅಯ್ಯೋ ಶಿವನೇ. ತಣ್ಣೀರು ಅಂತ ಒಂದ ಮಾತು ನಾ ಹೇಳ್ಲಿಲ್ಲ. ಒಂದ ಮಾತು!"

"ಅಳಾಕ ಹೊತ್ತಿಲ್ಲ ಹೊಳೆಪ್ಪ. ಮನಿ ಹೇಳು. ಇವತ್ತು ಸಂಜಿಕ ಅವರು ಮತ್ತ ಒಲಿ ಹಚ್ಚತಾರ."

ಅವನು ಹೇಳಿದ. ಸಾಂಖಳಿಯ ಗಣಿಯ ಶೆಡ್ಡುಗಳು, ದಾಬೋಲಿಮ್‌ನ ಎರಡು ಬಿಡಾರ, ಓಣಿಯ ಉಳಿದ ಮನೆಗಳು, ಒಂದನ್ನೂ ಬಿಡಲಿಲ್ಲ. ಗಾಂವಕರ ಆಯಾ ಜಾಗದ ಠಾಣೆಗಳಿಗೆಲ್ಲ ವೈರ್‌ಲೆಸ್‌ನಲ್ಲಿ ತಿಳಿಸಿದರು. ಹೊಳೆಪ್ಪ ಕಣ್ಣೊರೆಸಿಕೊಂಡು ಎದ್ದ.

"ನನಗ ಏನ ಬೇಕಾದ್ರೂ ಮಾಡ್ರಿ ಸಾಹೇಬ್ರ. ಭಾಗವ್ವಗ ಮಾತ್ರ ಹೇಳಬ್ಯಾಡ್ರಿ. ಪುಡಿ ಕೆಟ್ಟಿತ್ತು ಅಂತ ಹೇಳ್ರಿ. ಓಣಿಗೆಲ್ಲ ಹೇಳಿಕೊಟ್ಟಾಕಿ ಆಕಿ. ಆಕಿ ಕೈಯಿಂದ ಆತು ಅಂತ ತಿಳದ್ರ ಬದುಕಂಗಿಲ್ಲ."

"ಆತು," ಎಂದ ಭೀಮಶಿ. ಹಾಗೆ ಮಾತು ಕೊಡುವ ಅಧಿಕಾರ ಒಬ್ಬ ಹೆಡ್ ಕಾನ್ಸ್‌ಟೇಬಲ್‌ಗೆ ಎಲ್ಲಿದೆ? ಆದರೂ ಕೊಟ್ಟ. ಆಗಸ್ಟ್ ೧೩ರ ಸಂಜೆ, ಮಗಳು ಮಲಗಿದ ಮೇಲೆ, ಹೊಳೆಪ್ಪನ ಬಂಧನವಾಯಿತು. ಕೈಕೋಳ ಹಾಕಲಿಲ್ಲ.

ಭಾನುವಾರದ ಹೊತ್ತಿಗೆ ಎಲ್ಲ ಹಿಟ್ಟೂ ಠಾಣೆಗಳಿಗೆ ಬಂದು ಬಿದ್ದಿತ್ತು. ದೇವಲಪ್ಪನ ನಂತರ ಇನ್ನೊಬ್ಬ ಮುದುಕಿ ತೀರಿಕೊಂಡಳು, ಉಳಿದವರು ಉಳಿದರು. ಸೋಮವಾರ ಡಾಕ್ಟರು ಫೋನು ಮಾಡಿ, ಅಂಬಿಕಾ ಎದ್ದು ಕೂತಿದ್ದಾಳೆ, ಹಸಿವು ಅನ್ನುತ್ತಿದ್ದಾಳೆ ಎಂದರು. ಭೀಮಶಿ ಲಾಕಪ್ಪಿನ ಸರಳಿನ ಹತ್ತಿರ ಹೋಗಿ ಹೇಳಿದ. ಹೊಳೆಪ್ಪ ಗೋಡೆಗೆ ಹಣೆ ಹಚ್ಚಿ ಬಹಳ ಹೊತ್ತು ಅತ್ತ.

ಮೇಜಿಗೆ ಮರಳಿ ಭೀಮಶಿ ವರದಿ ಬರೆಯಲು ಕೂತ. ಉದ್ದೇಶ ಎಂಬಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ಲಾಭವಲ್ಲ, ಹಗೆಯಲ್ಲ. ಕೊನೆಗೆ, ಆರೋಪಿಗೆ ಕಾಳನ್ನು ಮಣ್ಣುಪಾಲು ಮಾಡಲು ಮನಸ್ಸಾಗಲಿಲ್ಲ ಎಂದು ಬರೆದ. ಮುಂದಿನ ಪುಟದಲ್ಲಿ ಕುದಿನೀರಿನ ವಿಷಯ ಬರಲೇಬೇಕಿತ್ತು, ಕೇಂಕ್ರೆಯವರ ಹೇಳಿಕೆಯೇ ಅದು. ಇವತ್ತಲ್ಲ ನಾಳೆ ಕೋರ್ಟಿನಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದುತ್ತಾರೆ, ಭಾಗವ್ವ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಅಲ್ಲಿಯ ತನಕವಾದರೂ ತಿಳಿಯದಿರಲಿ ಎಂದುಕೊಂಡ.

ಮಧ್ಯಾಹ್ನ ಅವಳು ಗಂಡನಿಗೆ ಬುತ್ತಿ ತಂದಳು. ಭೀಮಶಿ ಡಬ್ಬಿ ಬಿಚ್ಚಿ ನೋಡಿ ಒಳಗೆ ಕೊಟ್ಟ. ಬಿಳಿ ಅನ್ನ, ಮೇಲೆ ತುಸು ಬೇಳೆ. ಹೊಳೆಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಅನ್ನ ಉಂಡರೆ ಹೊಟ್ಟೆ ತುಂಬದ ಮಂದಿ ಅವರು.

"ರೊಟ್ಟಿ ಮಾಡ್ಲಿಲ್ಲೇನ?" ಎಂದು ಕೇಳಿದ, ಏನೂ ಆಗದವನ ಹಾಗೆ.

"ಮಾಡಾಕ ಕುಂತಿದ್ದೆ," ಎಂದಳು ಭಾಗವ್ವ. "ಹುಸೇನಬಿ ಚಲೋ ಜೋಳದ ಹಿಟ್ಟು ಕೊಟ್ಟಿದ್ಲು. ಎಸರಿಟ್ಟೆ. ಕುದೀತು." ಅವಳು ಸರಳು ಹಿಡಿದುಕೊಂಡಳು. "ಹೊಯ್ಯಾಕ ಕೈ ಏಳ್ಲಿಲ್ಲ."

ಹೊಳೆಪ್ಪ ಭೀಮಶಿಯ ಕಡೆ ನೋಡಿದ. ನಾನು ಹೇಳಿಲ್ಲ ಎಂದು ಭೀಮಶಿ ತಲೆ ಅಲ್ಲಾಡಿಸಿದ.

"ಯಾರೂ ಹೇಳಿಲ್ಲ ತಗೋ," ಎಂದಳು ಅವಳು. "ಆ ಬಾಯಾರ ಮುಖ ನೋಡಿದ್ದೆ." ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಉಣ್ಣು. ಆರಿ ಹೋಗ್ತೈತಿ," ಎಂದಳು.

ಅವನು ಅನ್ನ ಕಲಸಿದ. ಭೀಮಶಿ ತನ್ನ ಕುರ್ಚಿಯನ್ನು ಎಳೆದು ತಂದು ಅವಳಿಗೆ ಕೂರಲು ಕೊಟ್ಟು, ಹೊರಗಿನ ಮೆಟ್ಟಿಲ ಮೇಲೆ ಹೋಗಿ ನಿಂತ. ಮಳೆ ಇನ್ನೂ ಬೀಳುತ್ತಿತ್ತು.